ಮೆಷಿನ್ ಗನ್ನಿನ ಹೊಟ್ಟೆಯಲ್ಲಿ ನಾನು

ಅಡಿಲೇಡಿನ ಮ್ಯೂಸಿಯಮ್ಮಿನಲ್ಲಿ ಮೊದಲ ಮಹಾಯುದ್ಧದ ಮೆಷಿನ್ ಗನ್ ಕಂಡೊಡನೆ ಇವತ್ತು ನನಗೆ ಉಸಿರು ಕಟ್ಟಿತು. ನಳಿಗೆ ಬಿಸಿಯಾಗದಿರಲೆಂದು ಸುತ್ತ ನೀರು ತುಂಬುವ ಅದೇ ದಪ್ಪ ಕೊಳವೆ! ಅಪ್ಪನ ನಾಟಕ ಕಂಪನಿಯಲ್ಲಿ ಅಂಥದ್ದೇ ಒಂದು ಮರದ ಗನ್ನಿತ್ತು. ಚಿಕ್ಕವನಿದ್ದಾಗ ಅದರಡಿಯ ಪೆಟ್ಟಿಗೆಯಲ್ಲಿ ನನ್ನನ್ನು ಕೂರಿಸಿ ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಗನ್ನಿಗೆ ಎದೆಯೊಡ್ಡಿ ಅಪ್ಪ ಹಾಡು ಮುಗಿಸಿದ ಕೂಡಲೇ ಗುಂಡಿನ ಸದ್ದಿಗೆಂದು ನಾನು ತಗಡು ಬಡಿಯಬೇಕು, ಅವರು ಸಾಯಬೇಕು. ಒಮ್ಮೆ ಜನ ‘ವನ್ಸ್ ಮೋರ್’ ಎನ್ನುತ್ತಲೇ ಹೋದರು, ಅಪ್ಪ ಹಾಡುತ್ತಲೇ ಹೋದರು. ಒಳಗೆ ನನಗೆ ಗಾಳಿಯಿಲ್ಲ.

“ಅಪ್ಪಾ, ಬೇಗ ಸಾಯಪ್ಪಾ,” ಎಂದು ಸಂದಿಯಿಂದ ಅಂಗಲಾಚಿದೆ.

“ತಡ್ಕೊಳೋ, ಇನ್ನೊಂದು ಚರಣ ಇದೆ,” ಎಂದರು ಅಪ್ಪ.

ತಗಡು ಬಡಿದೇಬಿಟ್ಟೆ. ಅಪ್ಪ ಅರ್ಧ ಸಾಲಿನಲ್ಲೇ ದೊಪ್ಪನೆ ಬಿದ್ದರು.

ಇದನ್ನೆಲ್ಲ ಮ್ಯೂಸಿಯಮ್ಮಿನ ಗನ್ನಿನೆದುರೇ ನಿಂತು ಮಗಳಿಗೆ ಅಭಿನಯಿಸಿ ತೋರಿಸುತ್ತಿದ್ದೆ. “ಅಪ್ಪಾ, ಕ್ಯಾನ್ ವಿ ಗೋ ನೌ?” ಎಂದಳು. ನೋಡಿದರೆ ಅವಳ ಮಣಿಕಟ್ಟು ನನ್ನ ಬಿಗಿಮುಷ್ಟಿಯಲ್ಲಿತ್ತು.