ಮಲ್ಲಾಜಮ್ಮನ ಸಕ್ಕರೆ ನೀರಿನ ಬತ್ತಿ

ಹರದನಹಳ್ಳಿಯಲ್ಲಿ ಮಲ್ಲಾಜಮ್ಮನ ಕೈಯಲ್ಲಿ ನೀರು ಹುಯ್ಯಿಸಿಕೊಳ್ಳದ ಕೂಸು ಒಂದು ಕಾಲಕ್ಕೆ ಇರಲೇ ಇಲ್ಲ. ಕಾಲು ನೀಡಿ ಮಣೆಯ ಮೇಲೆ ಕೂತು, ಎಳೆಯ ಮೈಯನ್ನು ಮೊಣಕಾಲ ಮೇಲೆ ಕವುಚಿ ಹಾಕಿಕೊಂಡು, ಹರಳೆಣ್ಣೆ ತಿಕ್ಕಿ ಬಿಸಿನೀರು ಸುರಿದಳೆಂದರೆ ಕೂಸು ಒಂದು ಸಲ ಕಿಟಾರನೆ ಕಿರುಚಿ ಆಮೇಲೆ ಸಂಜೆವರೆಗೆ ನಿದ್ದೆ ಹೋಗುತ್ತಿತ್ತು. ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದ ಮೇಲೂ ಬಾಣಂತಿಗೆ, ಕೂಸಿಗೆ ನೀರು ಹಾಕುವ ಕೆಲಸ ಅವಳ ಕೈ ಬಿಡಲಿಲ್ಲ. ಅದರ ಜೊತೆಗೆ ಬತ್ತಿಯೂ ಉಳಿಯಿತು.

ಬತ್ತಿ ಎಂದರೆ ಇಷ್ಟೆ. ಮನೆಯ ಹಿರಿಯರು ಉಟ್ಟು ಸವೆಸಿದ ಪಂಚೆಯ ಚೂರನ್ನು ತೊಡೆಯ ಮೇಲೆ ಹೊಸೆದು, ಸಕ್ಕರೆ ನೀರಿನಲ್ಲಿ ಅದ್ದಿ, ಹುಟ್ಟಿದ ಕೂಸಿನ ಬಾಯಿಗೆ ಇಡುವುದು. ಮೂರು ದಿನ ಅದೇ ಅದರ ಊಟ. ತಾಯಿಗೆ ಮೊದಲು ಬರುವ ಹಳದಿ ಬಣ್ಣದ ಅಂಟು ಹಾಲು ಒಂಬತ್ತು ತಿಂಗಳು ಒಳಗೇ ನಿಂತು ಹಳಸಿದ್ದು, ಕೀವಿಗೆ ಸಮ ಎಂದು ಮಲ್ಲಾಜಮ್ಮ ಹೇಳುತ್ತಿದ್ದಳು. ತೆಂಗಿನ ಚಿಪ್ಪಿಗೆ ಒಲೆಯ ಬೂದಿ ಹಾಕಿ, ಅದರೊಳಕ್ಕೆ ಆ ಹಾಲನ್ನು ಹಿಂಡಿಸಿ, ಬಚ್ಚಲ ಕಲ್ಲಿನ ಪಕ್ಕ ಹೂಳಿಸುತ್ತಿದ್ದಳು. ನಾಲ್ಕನೆಯ ದಿನ ತಾನೇ ಬಾಣಂತಿಯ ಎದೆ ತೊಳೆದು ಕೂಸನ್ನು ಹಚ್ಚುವಳು. ಇದನ್ನು ಅವಳಿಗೆ ಕಲಿಸಿದ್ದು ಅವಳ ಅತ್ತೆ ಗಂಗಾಂಬಿಕೆ. ಹರವೆಯಿಂದ ಹದಿನಾರು ವರ್ಷಕ್ಕೆ ಸೊಸೆಯಾಗಿ ಬಂದವಳು ಅತ್ತೆಯಿಂದ ಬೈಗುಳವನ್ನೂ ಬತ್ತಿಯನ್ನೂ ಒಟ್ಟಿಗೆ ಕಲಿತಳು. ಎರಡರಲ್ಲೂ ಅತ್ತೆಯನ್ನು ಮೀರಿಸಿದಳು.

ಗಂಡ ಬಸವಯ್ಯ ಸತ್ತ ಮೇಲೆ ಅವಳ ಬಾಯಿಗೆ ಅಡ್ಡ ಬರುವವರು ಯಾರೂ ಉಳಿಯಲಿಲ್ಲ. ಮಗ ರಾಜಣ್ಣ ಅರಿಸಿನದ ಹೊಲಗಳಲ್ಲಿ ಕೂಲಿ ಮಾಡುವವನು, ಮನೆಯೊಳಗೆ ಮಾತು ಶುರುವಾದರೆ ಚಪ್ಪಲಿ ಮೆಟ್ಟಿ ಹೊರಡುವವನು. ಸೊಸೆ ಚಾಮುಂಡಿ ತಾಯಿಯಿಲ್ಲದ ಹೆಣ್ಣು. ಹೋಗಲು ತವರಿಲ್ಲದವಳೆಂದು ಗೊತ್ತಿದ್ದೇ ಮಲ್ಲಾಜಮ್ಮ ಇಪ್ಪತ್ತೇಳು ವರ್ಷ ಅವಳನ್ನು ಆಳಿದ್ದಳು. ಊರಿನ ಆಶಾ ಕಾರ್ಯಕರ್ತೆ ಶಾಂತಮಲ್ಲಮ್ಮನ ಮೇಲಂತೂ ಅವಳಿಗೆ ಕಡುಕೋಪ. ಅಂಗನವಾಡಿಯಲ್ಲಿ ಬಸುರಿಯರನ್ನು ಕೂರಿಸಿಕೊಂಡು ಆಕೆ ಒಂದು ಸಲ "ಮಲ್ಲಾಜಮ್ಮನ ಬತ್ತಿ ಮುಟ್ಟುಸ್ಬೇಡಿ" ಎಂದು ಹೆಸರು ಹಿಡಿದೇ ಹೇಳಿಬಿಟ್ಟಿದ್ದಳು. ಅಂದಿನಿಂದ ಆ ಗುಲಾಬಿ ಸೀರೆ ಬೀದಿಯ ತುದಿಯಲ್ಲಿ ಕಂಡರೆ ಸಾಕು, ಮಲ್ಲಾಜಮ್ಮ ಎಲೆಅಡಿಕೆಯನ್ನು ಆ ದಿಕ್ಕಿಗೇ ಉಗಿಯುತ್ತಿದ್ದಳು.

ಹೋದ ವರ್ಷ ಗುಂಡ್ಲುಪೇಟೆಗೆ ಕೊಟ್ಟ ಮೊಮ್ಮಗಳು, ಚಾಮುಂಡಿಯ ಮಗಳು ಭವ್ಯ, ಚೊಚ್ಚಲ ಹೆರಿಗೆಗೆ ಬಂದಳು. ದಿನ ತುಂಬುವ ಮುಂಚೆಯೇ ನೋವು ಬಂದು, ಚಾಮರಾಜನಗರದ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಹೆಣ್ಣು ಕೂಸಾಯಿತು. ತೂಕ ಎರಡು ಕೇಜಿಗೂ ಕಡಿಮೆ. ರಾಜಣ್ಣ ಫೋನಿನಲ್ಲಿ, "ಅಳಾಕೂ ಶಕ್ತಿ ಇಲ್ಲ ಕಣವ್ವ. ಬೆಕ್ಕಿನ ಮರಿ ಇದ್ದಂಗದೆ" ಎಂದ.

"ಸುಮ್ನಿರ್ಲಾ. ಬತ್ತಿ ಇಟ್ರೆ ಎಲ್ಲ ಸರೋಯ್ತದೆ" ಎಂದು ಮಲ್ಲಾಜಮ್ಮ ಪೆಟ್ಟಿಗೆಯಿಂದ ಬಸವಯ್ಯನ ಪಂಚೆ ತೆಗೆದು ಮೂರು ಬತ್ತಿ ಹೊಸೆದಳು. ಬಟ್ಟೆಬರೆಗೆಂದು ಮನೆಗೆ ಬಂದ ಚಾಮುಂಡಿಯ ಕೈಗೆ ಬತ್ತಿಯನ್ನೂ ಸಕ್ಕರೆ ಪೊಟ್ಟಣವನ್ನೂ ಇಟ್ಟಳು.

"ನರ್ಸುಗಳು ಬಯ್ತಾರೆ ಅತ್ತೆ. ಎದೆಗೇ ಹಾಕಿ, ಎದೆಗೇ ಹಾಕಿ ಅಂತಾವ್ರೆ."

"ನರ್ಸು ಹೆತ್ತವ್ಳಾ ಕೂಸ? ಅವ್ಳು ಆ ಕಡೆ ಓದಾಗ ಇಡು. ಕುಪ್ಸದೊಳಗೆ ಮಡಿಕ್ಕೊ. ಅಷ್ಟೂ ಗೊತ್ತಾಗಲ್ವಾ ನಿನ್ನ ಮಂಡೆಗೆ?"

ಚಾಮುಂಡಿ ಕುಪ್ಪಸಕ್ಕೆ ಸಿಕ್ಕಿಸಿಕೊಂಡು ಬಸ್ಸಿಗೆ ಹೋದಳು.

ಅದೇ ದಿನ ಹತ್ತು ಗಂಟೆಯ ಹೊತ್ತಿಗೆ ಶಾಂತಮಲ್ಲಮ್ಮ ಬಾಗಿಲಿಗೆ ಬಂದಳು. ಜೊತೆಗೆ ಕೈಯಲ್ಲಿ ಟ್ಯಾಬ್ ಹಿಡಿದ ಹುಡುಗಿ. ಹೆಸರು ಶಿವರಂಜಿನಿ, ಊರೂರು ತಿರುಗಿ, ಕೂಸುಗಳಿಗೆ ಹುಟ್ಟಿದ ಕೂಡಲೇ ಏನು ಕೊಟ್ಟರು, ಆಮೇಲೆ ಏನಾಯಿತು ಎಂದು ಕೇಳಿ ಬರೆಯುವ ಅಧ್ಯಯನದವಳು.

"ನನ್ ಮನೆ ಜಗಲಿ ಮೇಲೆ ಆ ಹೆಂಗ್ಸು ಕೂರಂಗಿಲ್ಲ" ಎಂದಳು ಮಲ್ಲಾಜಮ್ಮ.

"ನಿಂತೇ ಇರ್ತೀನಿ ಬುಡವ್ವ. ನಿನ್ ಜಗಲಿ ಸವೆಯಾದು ಬ್ಯಾಡ" ಎಂದಳು ಶಾಂತಮಲ್ಲಮ್ಮ.

ಹುಡುಗಿ ನಗಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕೂತು, "ಅಜ್ಜಿ, ನೀವು ಎಷ್ಟು ಹೆತ್ತಿರಿ?" ಎಂದಳು.

ಅವಳನ್ನು ಯಾರಾದರೂ ಇದನ್ನು ಕೇಳಿ ವರ್ಷಗಳಾಗಿದ್ದವು. ಮಲ್ಲಾಜಮ್ಮನ ನೆನಪು ಗಟ್ಟಿ. ಯಾವ ಕೂಸು ಯಾವ ವಾರ, ಯಾವ ಬೆಳೆ ಇದ್ದಾಗ ಹುಟ್ಟಿತು ಎಂಬುದು ಸಮೇತ ಹೇಳಿದಳು. ಮೊದಲನೆಯದು ಹೆಣ್ಣು. ಹುರುಳಿ ಕೀಳುವಾಗ ಹುಟ್ಟಿ ಏಳನೆಯ ದಿನ ಹೋಯಿತು. ಎರಡನೆಯದು ಗಂಡು, ಇಪ್ಪತ್ತು ದಿನ ಇದ್ದು ಭೇದಿಯಾಗಿ ಹೋಯಿತು. ಬಾಲಗ್ರಹ ಎಂದರು. ಮೂರನೆಯವನು ರಾಜಣ್ಣ.

"ಇವ್ನೊಬ್ನು ಉಳೀಲಿ ಅಂತ ನಮ್ಮತ್ತೆ ಗೋಪಾಲಸ್ವಾಮಿ ಬೆಟ್ಟಕ್ಕೆ ಅರಕೆ ಒತ್ಕೊಂಡು ಓಗಿದ್ಳು. ಅವ್ಳು ಬೆಟ್ಟದಲ್ಲಿ, ನಾನು ಅರಿಸಿನದ ಒಲದಲ್ಲಿ. ಬದಿನ ಮೇಲೇ ಹೆತ್ಬುಟ್ಟೆ. ದೇವ್ರು ಕಣ್ಬುಟ್ಟ, ಬದುಕ್ದ."

"ಆಗ ಅವನಿಗೆ ಮೊದಲು ಏನು ಕೊಟ್ರಿ?"

"ಒಲದಲ್ಲಿ ಸಕ್ರೆ ಎಲ್ಲಿತ್ತಮ್ಮಿ? ಬಾಯ್ ಬಾಯ್ ಬುಡ್ತಿತ್ತು. ಎದೆಗೆ ಆಕ್ಕೊಂಡೆ. ಅತ್ತೆ ಬರಾಗಂಟ ಮೂರು ದಿನ ಅಂಗೇ ಕದ್ದು ಕುಡ್ಸ್ದೆ. ಗೊತ್ತಾದ್ರೆ ಕೊಲ್ತಿದ್ಳು."

ನಾಲ್ಕನೆಯದು ಹೆಣ್ಣು, ಬತ್ತಿಯಲ್ಲೇ ಬೆಳೆದದ್ದು. ನಂಜನಗೂಡಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಐದನೆಯದು ಮೂರೇ ದಿನ.

"ಬರ್ಕೊಂಡ್ಯಾ? ಏನ್ ಬರ್ಕೊಂಡೆ, ಓದು" ಎಂದಳು ಮಲ್ಲಾಜಮ್ಮ. ಓದಲು ಬಾರದವಳಿಗೆ ತಪ್ಪು ಬರೆದಾರೆಂಬ ಗುಮಾನಿ.

ಹುಡುಗಿ ಅಂಗಡಿಯ ಚೀಟಿ ಓದುವಂತೆ ಓದಿದಳು. "ಒಂದು, ಹೆಣ್ಣು. ಸಕ್ಕರೆ ನೀರು. ಏಳು ದಿನ, ತೀರಿಕೊಂಡಿದೆ. ಎರಡು, ಗಂಡು. ಸಕ್ಕರೆ ನೀರು. ಇಪ್ಪತ್ತು ದಿನ, ತೀರಿಕೊಂಡಿದೆ. ಮೂರು, ಗಂಡು. ತಾಯಿ ಹಾಲು, ಹುಟ್ಟಿದ ಗಂಟೆಯೊಳಗೆ. ಬದುಕಿದೆ. ನಾಲ್ಕು, ಹೆಣ್ಣು. ಸಕ್ಕರೆ ನೀರು. ಬದುಕಿದೆ. ಐದು..."

"ನಿಲ್ಸು" ಎಂದಳು ಮಲ್ಲಾಜಮ್ಮ.

ತನ್ನ ಐದು ಬಸುರನ್ನು ಅವಳು ಎಂದೂ ಹೀಗೆ ಒಂದರ ಪಕ್ಕ ಒಂದಾಗಿ ಕೇಳಿರಲಿಲ್ಲ. ಒಂದಕ್ಕೆ ದೃಷ್ಟಿ, ಒಂದಕ್ಕೆ ಗ್ರಹ, ಒಂದಕ್ಕೆ ಹಣೆಬರಹ, ಒಂದಕ್ಕೆ ಬೆಟ್ಟದ ದೇವರು ಎಂದು ಬೇರೆ ಬೇರೆ ಗಂಟು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದಳು.

"ಅಂದ್ರೆ ನಾನೇ ಕೊಂದೆ ಅಂತೀಯ?"

"ಇಲ್ಲ ಅಜ್ಜಿ. ಒಂದು ಮನೆ ನೋಡಿ ಹಾಗೆ ಹೇಳೋಕಾಗಲ್ಲ. ನಿಮ್ಮ ಕೂಸುಗಳು ಯಾಕೆ ಹೋದವು ಅಂತ ನನಗೆ ಗೊತ್ತಿಲ್ಲ. ಸಾವಿರಾರು ಮನೆ ಕೇಳಿ, ಎಷ್ಟೋ ದೇಶದಲ್ಲಿ ಕೇಳಿ ಒಟ್ಟಿಗೆ ಇಟ್ಟು ನೋಡಿದಾಗ, ಹುಟ್ಟಿದ ಗಂಟೆಯೊಳಗೆ ಎದೆ ಹಾಲು ಕುಡಿದವು ಮೊದಲ ತಿಂಗಳಲ್ಲಿ ಕಡಿಮೆ ಸಾಯ್ತವೆ. ಆ ಹಳದಿ ಹಾಲಲ್ಲಿ ರೋಗ ತಡೆಯೋ ಶಕ್ತಿ ಇರುತ್ತೆ. ತೂಕ ಕಡಿಮೆ ಇರೋ ಕೂಸಿಗಂತೂ ಅದು ಬೇಕೇ ಬೇಕು. ನೀರು ಕೊಟ್ರೆ ಆ ಸಣ್ಣ ಹೊಟ್ಟೆ ಅದರಲ್ಲೇ ತುಂಬಿಹೋಗುತ್ತೆ, ಭೇದಿನೂ ಅಂಟುತ್ತೆ."

"ನನ್ ಮಗ್ಳು ಬತ್ತೀಲೇ ಬದುಕಿಲ್ವಾ?"

"ಬದುಕಿದ್ದಾರೆ. ಅದನ್ನೂ ಬರೆದಿದ್ದೀನಿ."

ಅಲ್ಲಿಗೆ ಶಾಂತಮಲ್ಲಮ್ಮನಿಗೆ ತಡೆಯಲಾಗಲಿಲ್ಲ. "ಅಲ್ಲ ಕಣವ್ವ, ನಿನ್ ಅಸ ಕರು ಆಕ್ದಾಗ ಗಿಣ್ಣು ಕರೂಗೆ ಕುಡಿಸ್ದೆ ಒಂದ್ ಲೋಟ ಕರ್ಯಾಕೆ ಬುಡಲ್ಲ ನೀನು. ಕರೂಗೆ ಬೇಕು, ಮನ್ಸರ ಕೂಸಿಗೆ ಬ್ಯಾಡ್ವಾ?"

"ಅಸ ದೇವ್ರು ಕಣೆ! ನೀನು ದೇವ್ರಾ? ನಿನ್ ಮೈಯಲ್ಲಿ ಗಿಣ್ಣು ಬತ್ತದಾ? ಕೀವು ಬತ್ತದೆ, ಕೀವು! ಏಳ್ರಿ ನನ್ ಬಾಗ್ಲಿಂದ. ಸತ್ತಿರಾ ಕೂಸುಗಳ್ನ ಎಣ್ಸಾಕೆ ಬಂದವ್ರೆ, ಕಾಗೆಗಳಂಗೆ!"

ಚೊಂಬಿನ ನೀರನ್ನು ಮೆಟ್ಟಿಲ ಮೇಲೆ ಎರಚಿದಳು. ಅರ್ಧ ಹುಡುಗಿಯ ಕಾಲಿಗೂ ಬಿತ್ತು. ಇಬ್ಬರೂ ಹೋದರು.

ಮಲ್ಲಾಜಮ್ಮ ಒಲೆಯ ಮುಂದೆ ಕೂತಳು. ಸಾರು ಕುದಿಯುತ್ತಿತ್ತು, ಇಳಿಸಲಿಲ್ಲ. ಆ ಹುಡುಗಿಯ ಮೇಲೆ ಅವಳಿಗೆ ಸಿಟ್ಟು ಉರಿಯುತ್ತಿತ್ತು. ಸುಳ್ಳು ಹೇಳಿದ್ದರೆ ನಾಲ್ಕು ಮಾತು ಬಯ್ದು ಮುಗಿಸಬಹುದಿತ್ತು. ಆದರೆ ಅವಳು ಓದಿದ್ದು ಮಲ್ಲಾಜಮ್ಮನೇ ಹೇಳಿದ್ದು. ಕದ್ದು ಕುಡಿಸಿದವನು ಇವತ್ತು ಐವತ್ತು ದಾಟಿ ಅರಿಸಿನದ ಮೂಟೆ ಹೊರುತ್ತಾನೆ. ಕದಿಯಲಿಕ್ಕೆ ಆಗದೆ ಹೋದವು ಮೂರು ಮಣ್ಣಿನಲ್ಲಿವೆ. ಇನ್ನೊಂದು ಬೆಕ್ಕಿನ ಮರಿಯಂಥದ್ದು ಈಗ ಪೇಟೆಯ ಆಸ್ಪತ್ರೆಯಲ್ಲಿದೆ, ಅದರ ಬಾಯಿಗೆ ಹೋಗುವ ಬತ್ತಿಯನ್ನು ಹೊಸೆದದ್ದು ಇದೇ ತೊಡೆ.

ಸಾರು ತಳ ಹಿಡಿದ ವಾಸನೆ ಬಂದಾಗ ಎದ್ದಳು. ಚಾಮುಂಡಿಗೆ ಫೋನ್ ಮಾಡಲು ಅವಳಿಗೆ ಬರುತ್ತಿರಲಿಲ್ಲ. ಪಕ್ಕದ ಮನೆಯವರನ್ನು ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಬಾಗಿಲು ಎಳೆದುಕೊಂಡು, ಕೈ ಅಡ್ಡ ಹಾಕಿ ಬಸ್ಸು ನಿಲ್ಲಿಸಿ ಹತ್ತಿದಳು. ದಾರಿಯುದ್ದಕ್ಕೂ ಡ್ರೈವರನಿಗೆ, "ಎತ್ತಿನ ಗಾಡಿ ಓಡ್ಸ್ತಿದ್ದೀಯಾ? ಒತ್ತಲಾ!" ಎಂದು ಬಯ್ಯುತ್ತಲೇ ಇದ್ದಳು.

ವಾರ್ಡಿನಲ್ಲಿ ಭವ್ಯ ಗೋಡೆಗೆ ತಿರುಗಿ ಮಲಗಿದ್ದಳು. ಮಂಚದ ಆ ಬದಿಗೆ, ಬಾಗಿಲಿಗೆ ಬೆನ್ನು ಕೊಟ್ಟು ಚಾಮುಂಡಿ ಕೂತಿದ್ದಳು. ಮಡಿಲಲ್ಲಿ ಕೂಸು, ಬಾಯಲ್ಲಿ ಬತ್ತಿ.

ಮಲ್ಲಾಜಮ್ಮ ಹೋದವಳೇ ಬತ್ತಿ ಕಿತ್ತು ಎಸೆದಳು. "ತೆಗಿ ಇದ! ಕೂಸ್ನ ಅವ್ವನ ಎದೆಗೆ ಆಕು."

ಚಾಮುಂಡಿ ಬಾಯಿ ತೆರೆದು ನೋಡಿದಳು. "ನೀನೇ ತಾನೆ ಕೊಟ್ಟಿದ್ದು?"

"ನಾನ್ ಕೊಟ್ರೆ ಇಟ್ಬುಡಾದಾ? ನಿಂಗೆ ಬುದ್ದಿ ಇಲ್ವಾ? ಇಷ್ಟು ವರ್ಸ ನನ್ ಅನ್ನ ತಿಂದು ಬರೀ ಮೈ ಬೆಳಸ್ಕೊಂಡ್ಯಾ? ಎಷ್ಟ್ ಕುಡಿಸ್ದೆ?"

"ಎರಡು ಸಲ. ಅವಳ ಎದೇಲಿ ಹಳದಿ ತೊಟ್ಟು ಬಿಟ್ರೆ ಏನೂ ಬಂದಿಲ್ಲ."

"ಅದೇ ಕಣೆ ಬೇಕಿರಾದು, ಆ ಹಳದೀನೇ! ಆಕು ಅಂದ್ರೆ ಆಕು!"

ಅಕ್ಕಪಕ್ಕದ ಮಂಚದವರು ಎದ್ದು ಕೂತರು. ಚಾಮುಂಡಿಯ ಮುಖ ನಿಧಾನವಾಗಿ ಬದಲಾಯಿತು. ಕೂಸನ್ನು ಮಗಳ ಪಕ್ಕಕ್ಕೆ ಇಟ್ಟು ಎದ್ದು ನಿಂತಳು.

"ಯಾರ್ ಹೇಳ್ಕೊಟ್ರು ನಿಂಗೆ ಈ ಬುದ್ಧಿಯ, ಇವತ್ತು? ನನ್ ಚೊಚ್ಚಲಕ್ಕೆ ಬತ್ತಿ ಇಟ್ಟೋರ್ಯಾರು? ಎದೆ ಕಟ್ಕೊಂಡು ಜ್ವರ ಬಂದು ನಾನು ಕಾಲು ಹಿಡ್ಕೊಂಡೆ. ಒಂದ್ಸಲ ಕುಡಿಸ್ತೀನಿ ಅತ್ತೆ, ಒಂದೇ ಸಲ ಅಂದೆ. ಚಿಪ್ಪಿಗೆ ಹಿಂಡಿಸ್ದೆ ನೀನು. ನನ್ ಕೂಸು ಸತ್ತಾಗ ನಿನ್ ಅಣೇಬರಾ ಅಂದೆ. ಭವ್ಯಂಗೂ ಅದೇ ಮಾಡ್ದೆ, ಏನೋ ಉಳ್ಕೊಂಡ್ಳು. ಈಗ ನಿನ್ ಮೊಮ್ಮಗಳ ಕೂಸು ಅಂದ್ಮೇಲೆ ಬಸ್ ಹತ್ಕೊಂಡು ಓಡ್ಬಂದ್ಯಾ?"

"ನಿನ್ ಕೂಸು ನನ್ ಮೊಮ್ಮಗ ಅಲ್ವಾ?"

"ಅಲ್ಲ. ಅವತ್ತು ಅಲ್ಲ."

ಅಷ್ಟರಲ್ಲಿ ನರ್ಸು ಓಡಿಬಂದು, "ಇದೇನು ಸಂತೆಯಾ? ಹೊರಗೆ ನಡೀರಿ ಇಬ್ಬರೂ!" ಎಂದು ಗದರಿದಳು, ನೆಲದ ಮೇಲಿನ ಬತ್ತಿ ಕಂಡು ಇನ್ನೂ ನಾಲ್ಕು ಮಾತು ಸೇರಿಸಿದಳು. ಭವ್ಯ ಇಬ್ಬರನ್ನೂ ನೋಡಲಿಲ್ಲ. ಸೆರಗು ಸರಿಸಿ, ನರ್ಸು ಹಿಡಿಸಿದಂತೆ ಕೂಸಿನ ತಲೆ ಹಿಡಿದಳು. ಅದು ಎರಡು ಸಲ ಜಾರಿ, ಮೂರನೆಯ ಸಲ ಕಚ್ಚಿಕೊಂಡಿತು.

ಅತ್ತೆ ಸೊಸೆ ವರಾಂಡದ ಬೆಂಚಿನ ಎರಡು ತುದಿಗೆ ಕೂತು, ಸಂಜೆವರೆಗೆ ಒಬ್ಬರನ್ನೊಬ್ಬರು ನೋಡಲಿಲ್ಲ.

ಆಸ್ಪತ್ರೆಯವರು ಕೂಸನ್ನು ತಾಯಿಯ ಎದೆಗೆ ಅಪ್ಪಿಸಿ ಕಟ್ಟಿ, ಎರಡೆರಡು ಗಂಟೆಗೊಮ್ಮೆ ಹಾಲೂಡಿಸಿ, ಹನ್ನೆರಡು ದಿನ ಇರಿಸಿಕೊಂಡು ಕಳಿಸಿದರು. ಕೂಸು ಉಳಿಯಿತು. ಆರು ತಿಂಗಳು ಎದೆಹಾಲು ಬಿಟ್ಟು ಬೇರೆ ಒಂದು ಹನಿ ಮುಟ್ಟಿಸಬಾರದು ಎಂದು ಶಾಂತಮಲ್ಲಮ್ಮ ಮನೆಗೇ ಬಂದು ಹೇಳಿದಾಗ ಮಲ್ಲಾಜಮ್ಮ ಎಂದಿನಂತೆ ಆ ಕಡೆಗೇ ಉಗಿದಳು. ಆದರೆ ಭವ್ಯಳ ಅತ್ತೆ ಗುರುಸಿದ್ದಮ್ಮ ಗುಂಡ್ಲುಪೇಟೆಯಿಂದ ಜೇನು ನೆಕ್ಕಿಸಲು ಬಂದಾಗ ಅವಳ ಕೈಯ ಶೀಸೆಯನ್ನು ಕಸಿದು ಬಚ್ಚಲಿಗೆ ಸುರಿದವಳೂ ಇವಳೇ. ಬೀಗಿತ್ತಿ ಅತ್ತುಕೊಂಡು ಬಸ್ಸು ಹತ್ತಿದಳು. ಯಾರ ಮನೆಗೂ ಮಲ್ಲಾಜಮ್ಮ ಮತ್ತೆ ನೀರು ಹಾಕಲು ಹೋಗಲಿಲ್ಲ. ಕರೆದವರಿಗೆ, "ಸೊಂಟ ಬಿದ್ದೋಗದೆ, ಓಗಿ" ಎನ್ನುವಳು.

ಚಾಮುಂಡಿ ಮಾತ್ರ ಮಾತಾಡಲಿಲ್ಲ. ತಟ್ಟೆಯನ್ನು ಮುಂದೆ ಕುಕ್ಕುವಳು, ತಿಂದರೆ ತಿನ್ನಲಿ ಎಂದು ತಿರುಗಿ ಹೋಗುವಳು.

ಅರ್ಧಕ್ಕೆ ನಿಂತ ಪ್ರಶ್ನೆಗಳನ್ನು ಮುಗಿಸಲು ಶಿವರಂಜಿನಿ ಮತ್ತೊಂದು ದಿನ ಬಂದಳು. ಮಲ್ಲಾಜಮ್ಮ ನಡುಮನೆಯಿಂದ ಏಳಲಿಲ್ಲ. ಚಾಮುಂಡಿಯೇ ಹುಡುಗಿಯನ್ನು ಜಗಲಿಯ ಮೇಲೆ ಕೂರಿಸಿ, ಒಳಗೆ ಕೇಳಲೆಂದೇ ಗಂಟಲೆತ್ತಿ ಹೇಳಿದಳು.

"ನನ್ ಹೆಸರಲ್ಲಿ ಬರ್ಕೊಳಿ. ಮೊದಲ್ನೇದು ಗಂಡು. ಕೊಟ್ಟಿದ್ದು ಸಕ್ರೆ ನೀರು. ಕೊಟ್ಟೋರು ನಮ್ಮತ್ತೆ, ಮಲ್ಲಾಜಮ್ಮ. ಅದನ್ನೂ ಬರ್ಕೊಳಿ. ಒಂಬತ್ತು ದಿನ ಇತ್ತು."

ಹುಡುಗಿ ಬರೆದುಕೊಳ್ಳುತ್ತಿದ್ದಳು. ಕತ್ತಲೆಯ ನಡುಮನೆಯಿಂದ ಮುದುಕಿಯ ಗಡಸು ಗಂಟಲು ಬಂತು.

"ಒಂಬತ್ತಲ್ಲ, ಅನ್ನೊಂದು. ಅನ್ನೊಂದ್ನೇ ದಿನ ಬೆಳಿಗ್ಗೆ ಓಯ್ತು. ಸರ್ಯಾಗ್ ಬರ್ಸೆ."