ಕ್ಲಿಫ್ ಮತ್ತು ಮೇವಿಸ್ ಅವರಿಂದ

ಎನಿಡ್ ಓಲ್ಡ್‌ರಾಯ್ಡ್ ಅವರ ಮುಖಕ್ಕಿಂತ ಮೊದಲು ನಾನು ಕಂಡದ್ದು ಅವರ ಎರಡು ಬೆರಳುಗಳನ್ನು. ಆಲ್ಡರ್‌ಥಾರ್ಪಿನ ಶಾಲೆಗೆ ಪಾಠ ಹೇಳಲು ಬಂದ ನಾನು, ಹಿಂದೆ ಕಲ್ಲಿದ್ದಲು ಗಣಿಯವರಿಗೆಂದು ಕಟ್ಟಿದ್ದ ಸಾಲುಮನೆಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿದಿದ್ದೆ. ಡಿಸೆಂಬರಿನ ಮೊದಲ ಶನಿವಾರ, ಮಳೆ ಹನಿಯುತ್ತಿತ್ತು. ಬಾಗಿಲಿನಲ್ಲಿ ಕಾಗದ ಹಾಕಲು ಬಿಟ್ಟಿದ್ದ ಸೀಳಿನ ತಗಡು ಕಟಕ್ಕೆಂದು ಮೇಲೆದ್ದಿತು. ಬೂದು ಉಣ್ಣೆಯ ಗವಸು ತೊಟ್ಟ ಎರಡು ಬೆರಳು ಒಂದು ಲಕೋಟೆಯನ್ನು ಒಳಕ್ಕೆ ತಳ್ಳಿದವು. ಲಕೋಟೆ ಅರ್ಧಕ್ಕೆ ಸಿಕ್ಕಿಕೊಂಡಿತು. ನಾನು ಬಾಗಿಲು ತೆರೆದೆ.

ಹೊರಗೆ ತಲೆಗೆ ಪ್ಲಾಸ್ಟಿಕ್ ಟೊಪ್ಪಿಗೆ ಕಟ್ಟಿಕೊಂಡ ಗಿಡ್ಡ ಹೆಂಗಸೊಬ್ಬರು ಬಗ್ಗಿ ನಿಂತಿದ್ದರು. ಕೈಚೀಲದ ತುಂಬ ಲಕೋಟೆಗಳು.

"ಗಾಬರಿಯಾಗ್ಬೇಡ ಮಗಳೇ, ಕ್ರಿಸ್ಮಸ್ ಕಾರ್ಡು ಅಷ್ಟೆ. ಪಕ್ಕದ ಮನೆ ಎನಿಡ್ ನಾನು," ಎಂದವರೇ ನನ್ನ ಭುಜದಾಚೆ ಇಣುಕಿದರು. "ಅಯ್ಯೋ, ಹಗ್ಗ ಎಲ್ಲೇ?"

"ಯಾವ ಹಗ್ಗ?"

"ಕಾರ್ಡು ತೂಗುಹಾಕೋಕೆ! ಅಷ್ಟು ಓದಿದೀಯಂತೆ, ಇದನ್ನ ಯಾರೂ ಹೇಳ್ಕೊಡ್ಲಿಲ್ವಾ?"

ನಾನು ಬೆಟ್ಟದ ಮೇಲಿನ ಕುರಿ ಸಾಕುವವರ ಮನೆಯವಳು. ನಮ್ಮಲ್ಲಿ ಬರುತ್ತಿದ್ದ ನಾಲ್ಕಾರು ಕಾರ್ಡುಗಳು ತಟ್ಟೆ ಜೋಡಿಸುವ ಹಲಗೆಯ ಮೇಲೆ ನಿಲ್ಲುತ್ತಿದ್ದವು. ಎನಿಡ್ ಹಾಗೇ ಒಳಗೆ ಬಂದರು. ಚೀಲದಿಂದ ದಾರದ ಉಂಡೆ ತೆಗೆದು ಅಗ್ಗಿಷ್ಟಿಕೆಯ ಮೇಲೆ ಮೊಳೆಯಿಂದ ಮೊಳೆಗೆ ಕಟ್ಟಿ, ತಮ್ಮ ಕಾರ್ಡನ್ನು ಒಗೆದ ಅಂಗಿಯಂತೆ ಅದರ ಮೇಲೆ ಹಾಕಿದರು. ಹಿಂದೆ ಸರಿದು ನೋಡಿದರು.

"ಒಂದೇ ಇದ್ರೆ ಉಳಿದ ಬಟ್ಟೆಯೆಲ್ಲ ಕಳ್ಳ ಹೊತ್ಕೊಂಡು ಹೋದ ಹಾಗೆ ಕಾಣತ್ತೆ. ತಡಿ, ಇನ್ನೊಂದು ಬರ್ದು ತರ್ತೀನಿ."

ಅವರು ಹೋದ ಮೇಲೆ ಕಾರ್ಡು ಬಿಡಿಸಿ ನೋಡಿದೆ. 'ವಾಲ್ಟ್ ಮತ್ತು ಎನಿಡ್ ಅವರಿಂದ' ಎಂದು ಬರೆದು, ಆಮೇಲೆ 'ವಾಲ್ಟ್ ಮತ್ತು' ಎಂಬುದನ್ನು ಹೊಡೆದುಹಾಕಿದ್ದರು. ಗಂಡ ವಾಲ್ಟ್ ಆ ವರ್ಷದ ವಸಂತದಲ್ಲಿ ತೀರಿಕೊಂಡಿದ್ದರು. ಕೈ ಮಾತ್ರ ಹಳೆಯ ರೂಢಿ ಬಿಟ್ಟಿರಲಿಲ್ಲ.

ಕಾರ್ಡು ಕೊಟ್ಟವರಿಗೆ ಕಾರ್ಡು ಕೊಡದಿದ್ದರೆ ಆ ಬೀದಿಯಲ್ಲಿ ತಲೆಯೆತ್ತಿ ನಡೆಯುವಂತಿಲ್ಲ. ಮರುದಿನ ನಾನೂ ಒಂದನ್ನು ಹಿಡಿದು ಅವರ ಮನೆಗೆ ಹೋದೆ. ಗೋಡೆಯಿಂದ ಗೋಡೆಗೆ ಹಗ್ಗಗಳು, ಅವುಗಳ ತುಂಬ ಹಿಮ, ಗಂಟೆ, ಮೇಣದಬತ್ತಿಗಳ ಚಿತ್ರ. ಅಗ್ಗಿಷ್ಟಿಕೆಯ ನಡುಮಧ್ಯದಲ್ಲಿ, ಎರಡೂ ಬದಿಗೆ ಜಾಗ ಬಿಟ್ಟು, ಕೆಂಪು ಎದೆಯ ರಾಬಿನ್ ಹಕ್ಕಿಯ ಅಗ್ಗದ ಕಾರ್ಡೊಂದು ತೂಗುತ್ತಿತ್ತು. 'ಪ್ರೀತಿಯಿಂದ, ಕ್ಲಿಫ್ ಮತ್ತು ಮೇವಿಸ್'.

"ಅದು ನಮ್ಮ ಕ್ಲಿಫ್‌ದು," ಎಂದರು ಎನಿಡ್. "ನನ್ನ ತಮ್ಮ. ಈ ವರ್ಷಾನೇ ಅದು ಹಗ್ಗ ಹತ್ತಿದ್ದು."

ಉಳಿದದ್ದನ್ನು ಅವರು ಆ ಚಳಿಗಾಲದುದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಹೇಳಿದರು. ಗಣಿ ಮುಷ್ಕರದ ವರ್ಷ ವಾಲ್ಟ್ ಮತ್ತು ಕ್ಲಿಫ್ ಇಬ್ಬರೂ ಕೆಲಸ ಬಿಟ್ಟು ಹೊರಗಿದ್ದರು. ಎನಿಡ್ ಕಾರ್ಮಿಕರ ಸಭಾಂಗಣದಲ್ಲಿ ಸೂಪು ಬೇಯಿಸುತ್ತಿದ್ದರು. ಕ್ರಿಸ್ಮಸ್ ಹತ್ತಿರವಾಗಿ ಯಾರ ಮನೆಯಲ್ಲೂ ಏನೂ ಇಲ್ಲದಿದ್ದಾಗ ಕ್ಲಿಫ್ ಮುಷ್ಕರ ಮುರಿದು ಕೆಲಸಕ್ಕೆ ಮರಳಿದರು. ಕಿಟಕಿಗೆ ತಂತಿಬಲೆ ಹೊಡೆದ ಬಸ್ಸು, ಮುಂದೆ ಹಿಂದೆ ಪೊಲೀಸರು. ಗೇಟಿನ ಬಳಿ ಊರ ಹೆಂಗಸರೆಲ್ಲ ನಿಂತಿದ್ದರು.

"ಎಲ್ರಿಗಿಂತ ಗಟ್ಟಿಯಾಗಿ ಕೂಗಿದವಳು ನಾನೇ. ದ್ರೋಹಿ ಅಂದೆ. ಸತ್ರೆ ನಿನ್ನ ಹೆಣಾನೂ ನೋಡಲ್ಲ ಅಂದೆ. ಬಲೆ ಹಿಂದೆ ಕೂತು ನನ್ನನ್ನೇ ನೋಡ್ದ."

ಗಣಿ ಹೇಗೂ ಮುಚ್ಚಿತು. ಹೊರಗಿದ್ದವರ ಕೆಲಸವೂ ಹೋಯಿತು, ಒಳಗೆ ಹೋದವರದೂ ಹೋಯಿತು. ಮನೆಯ ಬಾಗಿಲಿಗೆ ಯಾರೋ 'ದ್ರೋಹಿ' ಎಂದು ಬಳಿದ ಬಣ್ಣ ಆರುವ ಮೊದಲೇ ಕ್ಲಿಫ್ ಮತ್ತು ಹೆಂಡತಿ ಮೇವಿಸ್ ಸ್ಕೆಗ್ನೆಸ್‌ಗೆ, ಸಮುದ್ರದ ಕಡೆಗೆ ಹೋಗಿಬಿಟ್ಟರು. ಮುಂದಿನ ಡಿಸೆಂಬರಿನಲ್ಲಿ ಅಲ್ಲಿಂದ ಒಂದು ಕಾರ್ಡು ಬಂತು. ವಾಲ್ಟ್ ಅಂಚೆಯ ಮುದ್ರೆ ನೋಡಿ, ಬಿಡಿಸದೆಯೇ ಬೆಂಕಿಗೆ ಹಾಕಿದರು. ಪ್ರತಿವರ್ಷ ಬಂತು, ಪ್ರತಿವರ್ಷ ಬೆಂಕಿಗೆ ಹೋಯಿತು. ವಾಲ್ಟ್ ಎದುರಿಗೆ ಎನಿಡ್ ಉಸಿರೆತ್ತಲಿಲ್ಲ.

"ಆದ್ರೂ ಬಿಡದೆ ಕಳಿಸ್ದ ನೋಡು," ಎನ್ನುತ್ತಿದ್ದರು. "ನಾನು ಅಷ್ಟು ಅಂದ್ರೂ. ಬಾಯಲ್ಲಿ ಹೇಳೋ ಪೈಕಿ ಅಲ್ಲ ನಮ್ಮ ಕ್ಲಿಫ್. ಕ್ಷಮಿಸಿದೀನಿ ಅಂತ ಹೀಗೆ ಹೇಳ್ತಿದಾನೆ. ಅವನ ಬಾಯಿಂದ ಒಂದ್ಸಲ ಕೇಳಿಬಿಟ್ರೆ ನಾನು ನೆಮ್ಮದಿಯಾಗಿ ಸಾಯ್ತೀನಿ."

ವಾಲ್ಟ್ ತೀರಿಕೊಂಡ ಆ ವರ್ಷ ಅವರು ಮೊದಲ ಬಾರಿಗೆ ತಮ್ಮನಿಗೆ ಕಾರ್ಡು ಬರೆದರು. ಅಂಗಡಿಯಲ್ಲಿದ್ದ ದೊಡ್ಡದನ್ನೇ ಆರಿಸಿದ್ದರು. 'ನಿನ್ನನ್ನು ನೋಡಬೇಕು' ಎಂದು ಒಳಗೆ ಬರೆದರು. ಉತ್ತರ ಬರಲಿಲ್ಲ. ಅಂಚೆಯ ಗಡುವು ದಾಟಿತ್ತೇನೋ, ಹಬ್ಬ ಕಳೆದ ಮೇಲೆ ತಲುಪಿತೇನೋ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮುಂದಿನ ಡಿಸೆಂಬರಿನಲ್ಲಿ ಮತ್ತೆ ರಾಬಿನ್ ಹಕ್ಕಿ ಬಂತು. ಈ ಸಲ ಹೆಸರುಗಳ ಕೆಳಗೆ ಒಂದು ಸಾಲಿತ್ತು: 'ಕ್ಲಿಫ್‌ಗೆ ಎದೆಯ ಕಾಯಿಲೆ ಜಾಸ್ತಿಯಾಗಿದೆ.'

ಎನಿಡ್ ಅದನ್ನು ಹಿಡಿದುಕೊಂಡೇ ನಮ್ಮ ಮನೆಗೆ ಬಂದರು.

"ನಿನ್ನ ಕಾರು ಅಷ್ಟು ದೂರ ಓಡತ್ತಾ?"

"ಓಡತ್ತೆ."

"ಹಾಗಿದ್ರೆ ನಾಳೆ ಹೋಗೋಣ. ಅವನು ಕರೀತಿದಾನೆ."

ದಾರಿಯುದ್ದಕ್ಕೂ ಅವರ ಮಡಿಲಲ್ಲಿ ಹಬ್ಬಕ್ಕೆ ಮಾಡುವ, ಒಣಹಣ್ಣು ತುಂಬಿದ ಮಿನ್ಸ್ ಪೈಗಳ ಡಬ್ಬಿ ಇತ್ತು. ಚಿಕ್ಕಂದಿನಲ್ಲಿ ಕ್ಲಿಫ್ ಅವುಗಳ ಹೂರಣವನ್ನಷ್ಟೇ ತಿಂದು ಹೊರಗಿನ ಹಿಟ್ಟನ್ನು ಅಕ್ಕನ ತಟ್ಟೆಗೆ ಹಾಕುತ್ತಿದ್ದನಂತೆ. ಈ ಮಾತನ್ನು ಎರಡು ಸಲ ಹೇಳಿದರು.

ಬಾಗಿಲು ತೆರೆದ ಮೇವಿಸ್ ಎನಿಡ್‌ರನ್ನು ಕಂಡು ಬಿಳಿಚಿಕೊಂಡರು. "ಫೋನ್ ಮಾಡ್ಬಾರ್ದಿತ್ತಾ ಎನಿಡ್?" ಎಂದರು. ಅಷ್ಟರಲ್ಲಿ ಎನಿಡ್ ಒಳಗೆ ಹೋಗಿಯಾಗಿತ್ತು. ಕ್ಲಿಫ್ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಟೀವಿಯಲ್ಲಿ ಕುದುರೆ ಓಟ ನೋಡುತ್ತಿದ್ದರು.

"ಯಾರು?"

"ನಾನು, ಎನಿಡ್."

"ಯಾವ ಎನಿಡ್? ಗೇಟಿನ ಹತ್ರ ನಿಂತು ಕೂಗ್ತಿದ್ಲಲ್ಲ, ಅವಳಾ?" ಒಂದೊಂದು ಮಾತಿಗೂ ಉಸಿರು ಎಳೆಯಬೇಕಾಗಿತ್ತು. "ನನ್ನ ಹೆಣ ನೋಡಲ್ಲ ಅಂದಿದ್ದೆ ನೀನು. ಸ್ವಲ್ಪ ಬೇಗ ಬಂದ್ಬಿಟ್ಟೆ."

"ತಪ್ಪಾಯ್ತು ಕ್ಲಿಫ್. ಅದನ್ನ ಹೇಳೋಕೇ ಬಂದೆ. ನೀನು ವರ್ಷಾವರ್ಷ ಕಾರ್ಡು ಕಳಿಸ್ತಾನೇ ಇದ್ದೆ, ನಾನೇ..."

"ಕಾರ್ಡಾ? ನಾನ್ಯಾವ ಕಾರ್ಡು ಕಳಿಸ್ದೆ ನಿಂಗೆ?"

ಎನಿಡ್ ಚೀಲದಿಂದ ರಾಬಿನ್ ಹಕ್ಕಿ ತೆಗೆದು ಮುಂದೆ ಹಿಡಿದರು. ಕ್ಲಿಫ್ ಅದನ್ನು ನೋಡಿದರು, ಆಮೇಲೆ ಹೆಂಡತಿಯನ್ನು ನೋಡಿದರು. ಟೀವಿಯ ಸದ್ದು ಏರಿಸಿ ಮುಖ ತಿರುಗಿಸಿಕೊಂಡರು. ಕುದುರೆಗಳು ಗುರಿ ಮುಟ್ಟಿದವು, ಇನ್ನೊಂದು ಓಟ ಶುರುವಾಯಿತು. ಅವರು ಮತ್ತೆ ಈ ಕಡೆ ತಿರುಗಲಿಲ್ಲ.

ಮೇವಿಸ್ ನಮ್ಮಿಬ್ಬರನ್ನು ಅಡುಗೆಮನೆಗೆ ಕರೆದು, ಬಾಗಿಲು ಎಳೆದುಕೊಂಡು ಮೆಲ್ಲಗೆ ಹೇಳಿದರು: "ಈ ಮನೇಲಿ ಕಾರ್ಡು ಬರೆಯೋದು ನಾನು ಎನಿಡ್. ಇವರ ಕಡೆಯವರಿಗೂ ನಾನೇ, ನನ್ನ ಕಡೆಯವರಿಗೂ ನಾನೇ. ಇವರು ಅದರ ಮುಖಾನೂ ನೋಡೋರಲ್ಲ. ನಿಮ್ಮನೇಲಿ ಯಾರು ಬರೀತಿದ್ರು?"

ಎನಿಡ್ ರಾಬಿನ್ ಹಕ್ಕಿಯ ಕಾರ್ಡನ್ನು ಮತ್ತೆ ಚೀಲಕ್ಕೆ ಹಾಕಿದರು.

"ನಾನೇ," ಎಂದರು. "ನಾನು ಹೋದ್ಸಲ ಬರೆದದ್ದು?"

"ತೋರಿಸ್ಲಿಲ್ಲ. ತೋರಿಸಿದ್ರೆ, ಇನ್ನು ಮೇಲೆ ಅಲ್ಲಿಗೆ ಬರೀಬೇಡ ಅಂತಿದ್ರು. ಒಂದು ದಾರನಾದ್ರೂ ಇರ್ಲಿ ಅಂತ..."

ಮಿನ್ಸ್ ಪೈ ಡಬ್ಬಿ ಅಲ್ಲೇ ಮೇಜಿನ ಮೇಲೆ ಉಳಿಯಿತು. ಮರಳುವಾಗ ಬಹಳ ದೂರದವರೆಗೆ ಎನಿಡ್ ಗಾಜಿನ ಹೊರಗೆ ನೋಡುತ್ತಾ ಕುಳಿತಿದ್ದರು. ಬಯಲು ಹೊಲಗಳು ಕಪ್ಪಗೆ ನೆನೆದಿದ್ದವು.

"ನಮ್ಮ ವಾಲ್ಟ್ ಜೀವಮಾನದಲ್ಲಿ ಒಂದು ಸ್ಟಾಂಪು ಅಂಟಿಸಿದವನಲ್ಲ," ಎಂದರು ಕೊನೆಗೆ. "ಆದ್ರೂ ಎಲ್ಲಾ ಕಾರ್ಡಲ್ಲೂ ಅವನ ಹೆಸರು ಮೊದಲು. ವಾಲ್ಟ್ ಎಷ್ಟು ನೆನಪಿಟ್ಕೊಂಡು ಕಳಿಸ್ತಾನಪ್ಪಾ ಅಂತ ಜನ ಅನ್ನೋರು. ನಾನು ನಗ್ತಿದ್ದೆ ಕಣೇ. ನಂಗೇ ಹೊಳೀಲಿಲ್ಲವಲ್ಲ."

ಜನವರಿ ಮುಗಿಯುವಷ್ಟರಲ್ಲಿ ಕ್ಲಿಫ್ ತೀರಿಕೊಂಡರು. ಮೇವಿಸ್ ಫೋನು ಮಾಡಿ, ಅಂತ್ಯಕ್ರಿಯೆಗೆ ಬರಬೇಡ, ಇವರು ಹಾಗೆ ಹೇಳಿಬಿಟ್ಟಿದ್ದಾರೆ ಎಂದು ಅತ್ತರು. ಎನಿಡ್ ಹೋಗಲಿಲ್ಲ. ಅಂತ್ಯಕ್ರಿಯೆಯ ದಿನ ಬೆಳಗ್ಗೆ ಕಪ್ಪು ಕೋಟು ತೊಟ್ಟು, ಮುಚ್ಚಿದ ಗಣಿಯ ಗೇಟು ಇದ್ದ ಜಾಗಕ್ಕೆ ನಡೆದುಹೋದರು. ಅಲ್ಲೀಗ ಒಂದು ಉಗ್ರಾಣವಿದೆ. ಲಾರಿಗಳು ಒಳಗೆ ಹೊರಗೆ ಓಡಾಡುತ್ತಿದ್ದವು. ಕಾವಲಿನವನು ಬಂದು, ದಾರಿಗೆ ಅಡ್ಡ ನಿಲ್ಲಬೇಡಿ ಎಂದ ಮೇಲೆ ಮನೆಗೆ ಬಂದರು.

ಆ ಡಿಸೆಂಬರಿನಲ್ಲಿ ಸ್ಕೆಗ್ನೆಸ್‌ನಿಂದ ಬಂದ ಕಾರ್ಡಿನಲ್ಲಿ ಒಂದೇ ಹೆಸರಿತ್ತು. ಎನಿಡ್ ಅದನ್ನು ಹಗ್ಗಕ್ಕೆ ಹಾಕಿದರು. ನಡುಮಧ್ಯಕ್ಕಲ್ಲ, ಉಳಿದವುಗಳ ಜೊತೆಗೆ.

ಈಗ ಅವರು ಡಿಸೆಂಬರ್ ಹುಟ್ಟಿದೊಡನೆ ಊರಿನ ವೃದ್ಧಾಶ್ರಮಕ್ಕೆ ಹೋಗಿ ಅಲ್ಲಿಯವರ ಕಾರ್ಡುಗಳಿಗೆ ವಿಳಾಸ ಬರೆದುಕೊಡುತ್ತಾರೆ. ಹೆಸರನ್ನು ಮಾತ್ರ ಬರೆಯುವುದಿಲ್ಲ. "ಕೈ ನಡುಗತ್ತೆ ಎನಿಡ್, ನೀನೇ ಗೀಚಿಬಿಡು," ಎಂದು ಯಾರಾದರೂ ಗೊಣಗಿದರೆ ಪೆನ್ನನ್ನು ಅವರ ಬೆರಳುಗಳ ನಡುವೆ ಇಟ್ಟು, ಬರೆದು ಮುಗಿಸುವವರೆಗೆ ಪಕ್ಕದಲ್ಲಿ ಕೂತಿರುತ್ತಾರೆ.