ಯಮನೂರಮ್ಮನ ಚೀಟಿ

ಯಮನೂರಮ್ಮನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮುಚ್ಚಿಟ್ಟು ಏನು ಮಾಡಲಿ? ಅವಳು ನಮ್ಮ ಮನೆಯಲ್ಲೇ ಜೋಳ ಹಸನು ಮಾಡುವವಳು, ನಾನು ಕೊಟ್ಟ ರೊಟ್ಟಿ ತಿನ್ನುವವಳು. ಆದರೂ ನಾಲ್ಕು ವರ್ಷದಿಂದ ಅವಳ ಮೇಲೆ ನನಗೆ ಹೊಟ್ಟೆಕಿಚ್ಚು. ಮುಕ್ಕುಂದದ ದೊಡ್ಡ ಮನೆಯ ಶೇಖರಮ್ಮನಿಗೆ ಕೂಲಿಯವಳ ಮೇಲೆ ಹೊಟ್ಟೆಕಿಚ್ಚೇ ಎಂದು ನಗುವವರು ನಗಲಿ.

ಅವಳು ಮಸ್ಕಿ ಕಡೆಯ ಹೆಣ್ಣು. ಗಂಡ ಗ್ಯಾನಪ್ಪ ಕುರಿಗಳ ಬೆನ್ನು ಹತ್ತಿ ಹೋದರೆ ಆರು ತಿಂಗಳು ಊರಿನ ಮುಖ ನೋಡುವುದಿಲ್ಲ. ಒಬ್ಬಳೇ ದುಡಿಯುತ್ತಾಳೆ, ಒಬ್ಬಳೇ ಉಣ್ಣುತ್ತಾಳೆ. ಒಂದಕ್ಷರ ಬಾರದು. ಬಾಯಿ ಮಾತ್ರ ಓಣಿಯ ಈ ತುದಿಯಿಂದ ಆ ತುದಿಗೆ ಕೇಳುತ್ತದೆ.

ರಜಾಕಾರರ ಗದ್ದಲ ಮುಗಿದು ಎರಡು ವರ್ಷಕ್ಕೆ ಮತದಾರರ ಪಟ್ಟಿ ಬರೆಯುವ ಕಾರಕೂನ ಬಂದ. ಪಡಸಾಲೆಯಲ್ಲಿ ಕುಳಿತು, "ಮನ್ಯಾಗಿನ ಹೆಣ್ಣಮಕ್ಕಳ ಹೆಸರು ಹೇಳ್ರಿ" ಎಂದ. ಕದದ ಹಿಂದಿದ್ದ ನನಗೆ ಮೈಯೆಲ್ಲ ಉರಿದು ಹೋಯಿತು. ಕಂಡವರ ಕಿವಿಗೆ ಹೆಸರು ಹಾಕುವ ಮನೆತನವೇ ನಮ್ಮದು?

"ಹೆಸರು ಯಾಕ ಬೇಕಂತ? ಇಂಥವರ ಹೆಣ್ತಿ ಅಂತ ಬರಕೋ ಅನ್ರಿ" ಎಂದು ಒಳಗಿನಿಂದಲೇ ಹೇಳಿದೆ. ನಮ್ಮವರು ಮೀಸೆ ತೀಡಿ ನಕ್ಕರು. ಕಾರಕೂನ 'ಅಮರಗುಂಡಪ್ಪನ ಹೆಂಡತಿ' ಎಂದು ಬರೆದುಕೊಂಡ.

ಅಂಗಳದಲ್ಲಿ ಮೊರ ಹಿಡಿದಿದ್ದ ಯಮನೂರಮ್ಮ ಎದ್ದು ನಿಂತಳು. "ನಂದೂ ಬರಕೋರಿ ಯಪ್ಪಾ. ಯಮನೂರಮ್ಮ! ಗಂಡನ ಹೆಸರು ನಾ ಹೇಳಂಗಿಲ್ಲ, ಧಣೀರು ಹೇಳ್ತಾರ."

"ನಾಚಿಕಿ ಇಲ್ಲೇನಬೇ ನಿನಗ?" ಎಂದು ಬೈದೆ. ಅವಳು ಹಲ್ಲು ಕಿರಿದಳು.

ಅದೇ ಕಾಲಕ್ಕೆ ನಮ್ಮ ಮನೆಗೆ ಪತ್ರಿಕೆ ಬರತೊಡಗಿತ್ತು. ಹುಬ್ಬಳ್ಳಿಯದು, ಲಿಂಗಸುಗೂರಿನ ಮೇಲಿಂದ ಬಸ್ಸಿನಲ್ಲಿ ಎರಡು ದಿನ ತಡವಾಗಿ ಬರುವುದು. ನಮ್ಮವರು ಹತ್ತು ಜನ ಗಂಡಸರನ್ನು ಕೂಡಿಸಿಕೊಂಡು ಗಟ್ಟಿಯಾಗಿ ಓದುವರು. ತಮಗೆ ಬೇಡವಾದ ಸುದ್ದಿ ಬಂದರೆ ಕೆಮ್ಮಿ, ಹಾಳೆ ತಿರುವಿಬಿಡುವರು. ಕೇಳುವವರಿಗೆ ಅವರು ಓದಿದ್ದೇ ದೇಶ. ನನಗೆ ತವರಲ್ಲಿ ಅಯ್ಯನವರು ನಾಲ್ಕಕ್ಷರ ಕಲಿಸಿದ್ದರು. ನಮ್ಮವರು ಉಂಡು ಮಲಗಿದ ಮೇಲೆ ತಿರುವಿಬಿಟ್ಟ ಹಾಳೆಗಳನ್ನೇ ಹುಡುಕಿ ಓದುತ್ತಿದ್ದೆ.

ಅಲ್ಲೇ ಕಂಡದ್ದು: ಗಿಡದ ಗುರುತಿನ ಉಮೇದುವಾರ ಗೆದ್ದರೆ ನಮ್ಮ ಕಡೆ ಹೆಣ್ಣುಮಕ್ಕಳಿಗೊಂದು ಶಾಲೆ ತೆಗೆಸುತ್ತಾನಂತೆ. ನಮ್ಮ ಮಗಳು ಕಸ್ತೂರೆಮ್ಮನಿಗೆ ಆಗ ಎಂಟು ವರ್ಷ. ನಮ್ಮವರದು ಜೋಡೆತ್ತಿನ ಗುರುತು. ನನ್ನದು ಗಿಡ ಎಂದು ಅಂದೇ ಮನಸ್ಸಿನಲ್ಲಿ ಗಟ್ಟಿಮಾಡಿದೆ. ಹೇಗೂ ಪರದೆಯ ಹಿಂದೆ ಚೀಟಿ ಹಾಕುವುದು, ಇವರಿಗೇನು ಗೊತ್ತಾಗುತ್ತದೆ?

ಚುನಾವಣೆಗೆ ಎಂಟು ದಿನ ಇರುವಾಗ ನಮ್ಮವರು ಊಟಕ್ಕೆ ಕುಳಿತು ನಗುತ್ತಾ ಹೇಳಿದರು: "ಹೆಸರಿಲ್ಲದ ಹೆಂಗಸರನ್ನೆಲ್ಲ ಪಟ್ಟ್ಯಾಗಿಂದ ಕಿತ್ತು ಹಾಕ್ಯಾರಂತ. ನಿಂದೂ ಹೋತು. ಹೋಗ್ಲಿ ಬಿಡು, ಬಿಸಲಾಗ ನಿಲ್ಲೋದು ತಪ್ಪಿತು."

"ಯಮನೂರಮ್ಮಂದು?" ಎಂದೆ.

"ಆಕಿದು ಐತಿ."

ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಪತ್ರಿಕೆ ಓದಿದವಳು ನಾನು, ಚೀಟಿ ಅವಳಿಗೆ! ಯಾರನ್ನು ಬೈಯಲಿ? ನನ್ನ ಬಾಯಿಂದಲೇ ಹೋಗಿತ್ತು. ಅದಕ್ಕೇ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. ಎರಡು ದಿನ ಅವಳು ಹಸನು ಮಾಡಿದ ಜೋಳದಲ್ಲಿ ಇಲ್ಲದ ಹರಳು ಹುಡುಕಿದೆ.

ಮೂರನೆಯ ದಿನ ಅವಳನ್ನೇ ಒಳಗೆ ಕರೆದೆ. ಬೇರೆ ದಾರಿ ಇರಲಿಲ್ಲ.

"ಗಿಡದ ಚಿತ್ರ ಇದ್ದ ಪೆಟ್ಟಿಗ್ಯಾಗ ಚೀಟಿ ಹಾಕಬೇ."

"ಧಣೀರು ಎತ್ತಿಂದು ಅಂದಾರಲ್ರೀ ಎವ್ವಾ?"

"ಅವರು ಹಾಳಿ ತಿರುವಿ ಓದ್ತಾರ. ನಾ ಪೂರಾ ಓದೀನಿ."

ಶಾಲೆಯ ಮಾತು ಹೇಳಿದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮನಸ್ಸು ಒಲಿಯಲಿ ಎಂದು ನನ್ನ ಇಳಕಲ್ ಸೀರೆಯನ್ನು ಅವತ್ತಿನ ಮಟ್ಟಿಗೆ ಉಡಲು ಕೊಟ್ಟೆ. ಚುನಾವಣೆಯ ದಿನ ನನ್ನ ಸೀರೆ ಚೀಟಿ ಹಾಕುವ ಚಾವಡಿಗೆ ಹೋಯಿತು. ನಾನು ಕಿಟಕಿಯಲ್ಲಿ ನಿಂತೆ. ಯಾವಾಗಲೂ ಬಗ್ಗಿ ನಡೆಯುವವಳು ಅವತ್ತು ನೆಟ್ಟಗೆ ನಡೆದಳು.

ಹೊತ್ತು ಇಳಿಯುವಾಗ ಬಂದಳು. ಬೆರಳಿಗೆ ಕಪ್ಪು ಮಸಿ.

"ಗಿಡಕ್ಕ ಹಾಕಿದಿ ಇಲ್ಲಬೇ?"

"ಹೇಳಂಗಿಲ್ರೀ ಎವ್ವಾ. ಧಣೀರೂ ದಾರ್ಯಾಗ ಕೇಳಿದ್ರು, ಅವರಿಗೂ ಹೇಳಿಲ್ಲ."

"ನನ್ನ ಸೀರಿ ಉಟ್ಟು ನನಗ ಹೇಳಂಗಿಲ್ಲೇನು?"

"ಸೀರಿ ನಿಮ್ಮದು, ಈಗ ಬಿಚ್ಚಿ ಕೊಡ್ತೀನಿ" ಎಂದಳು, ಸಿಟ್ಟಿಲ್ಲದೆ. "ಪರದಿ ಹಿಂದ ನಾ ಒಬ್ಬಾಕೀನ ನಿಂತಿದ್ನಿ. ನೀವೂ ಇಲ್ಲ, ಧಣೀರೂ ಇಲ್ಲ, ನನ್ನ ಗಂಡನೂ ಇಲ್ಲ. ಹಿಂಗ ಮಾಡು, ಹಂಗ ಮಾಡು ಅನ್ನೋರು ಯಾರೂ ಇಲ್ಲ. ಹುಟ್ಟಿದಾಗಿಂದ ಅಂಥಾದೊಂದು ಗಳಿಗಿ ನನಗ ಬಂದಿದ್ದಿಲ್ಲ. ಅದೊಂದನ್ನ ಕೇಳಬ್ಯಾಡ್ರಿ ಎವ್ವಾ."

ಗೆದ್ದದ್ದು ಎತ್ತೋ ಗಿಡವೋ, ನನ್ನ ಸಂಕಟ ಅದಲ್ಲ. ಅಂಥದೊಂದು ಗಳಿಗೆ ನನ್ನ ಬಾಳಿನಲ್ಲಿ ಎಂದಾದರೂ ಬಂದಿತ್ತೇ ಎಂದು ಅವತ್ತು ಒಲೆಯ ಮುಂದೆ ಕುಳಿತು ಹುಡುಕಿದೆ. ಹದಿಮೂರಕ್ಕೆ ಈ ಮನೆಗೆ ಬಂದವಳು, ಸಾರಿಗೆ ಹುಳಿ ಎಷ್ಟು ಎಂದು ಕೂಡ ಅತ್ತೆಯನ್ನು ಕೇಳಿಯೇ ಹಾಕಿದವಳು. ಎಷ್ಟು ಹುಡುಕಿದರೂ ಸಿಗಲಿಲ್ಲ.